ಗಂಗವ್ವನ ಕಲ್ಲಿನಲ್ಲಿದ್ದ ಮೀನು

ನಮ್ಮ ಅಬ್ಬಾ ಬಾವಿ ತೋಡುವವರು. ಬೋರವೆಲ್ ಗಾಡಿಗಳು ಬರುವ ಮೊದಲು ಗೋಕಾಕ, ಹುಕ್ಕೇರಿ, ಮೂಡಲಗಿ ಕಡೆಯ ಹೊಲಗಳಲ್ಲಿ ಅವರ ಕೈಯಿಂದ ನೀರು ಕಂಡ ಬಾವಿಗಳು ಬಹಳ. ಮನೆಯಲ್ಲಿ ನಾವು ಆಡುವುದು ಉರ್ದು. ಆದರೆ ಕಲ್ಲು, ಮಣ್ಣು, ಸೆಲೆಯ ಮಾತು ಬಂದರೆ ಅಬ್ಬಾ ಕನ್ನಡಕ್ಕೆ ಇಳಿಯುತ್ತಾರೆ. ಆ ಕೆಲಸ ಕಲಿತದ್ದು ಕನ್ನಡದಲ್ಲಿ, ಬೇರೆ ಭಾಷೆಯಲ್ಲಿ ಅದನ್ನು ಹೇಳಲು ಅವರಿಗೆ ಬರುವುದಿಲ್ಲ.

ನಮ್ಮ ಭಾಗದ ಬಾವಿಗಳಲ್ಲಿ ಮೊದಲು ಎರೆಮಣ್ಣು, ಆಮೇಲೆ ಕರಿಕಲ್ಲು. ಕೆಲವು ಕಡೆ ಕರಿಕಲ್ಲಿನ ಕೆಳಗೆ ಮೊಣಕಾಲೆತ್ತರದ ಒಂದು ಬಿಳಿಯ ಪದರ ಸಿಗುತ್ತದೆ, ಅದರ ಕೆಳಗೆ ಮತ್ತೆ ಕರಿಕಲ್ಲು. ಬಿಳಿ ಪದರ ಬಂದರೆ ನೀರು ದೂರವಿಲ್ಲ ಎಂದು ಬಾವಿಯವರ ಲೆಕ್ಕ. ಆ ಬಿಳಿ ಕಲ್ಲನ್ನು ಒಡೆದರೆ ಒಳಗೆ ಶೇಂಗಾಬೀಜದಷ್ಟು ದೊಡ್ಡ ಬಸವನಹುಳುಗಳು, ಅವೂ ಕಲ್ಲಾದವು. ಅವನ್ನು ನಾನು ಚಿಕ್ಕವನಿದ್ದಾಗಲೇ ನೋಡಿದ್ದೆ, ಅದರಲ್ಲಿ ತಕರಾರಿರಲಿಲ್ಲ. ತಕರಾರಿದ್ದದ್ದು ಮೀನಿನದು.

ನಾನು ಹೈಸ್ಕೂಲಿನಲ್ಲಿದ್ದಾಗ ಅಬ್ಬಾ ದಡ್ಡಿ ಎಂಬ ಊರಿನ ಕಡೆ ಒಬ್ಬ ಲಿಂಗಾಯತ ರೈತರ ಹೊಲದಲ್ಲಿ ಬಾವಿ ತೋಡಿದರು. ನೀರು ಕಂಡ ದಿನ, ಮೊದಲು ಒದ್ದೆಯಾದ ಐದು ಕಲ್ಲುಗಳನ್ನು ತೋಡುವವನೇ ಒಂದೊಂದಾಗಿ ಬುಟ್ಟಿಯಲ್ಲಿಟ್ಟು ಮೇಲೆ ಕಳಿಸಬೇಕೆಂಬ ಪದ್ಧತಿ ಇದೆ. ಆರಿಸುವ ಹಾಗಿಲ್ಲ, ಕೈಗೆ ಬಂದ ಐದು. ಮೇಲಿದ್ದವರು ಅವನ್ನು ಬಂದ ಕ್ರಮದಲ್ಲೇ ಸಾಲಾಗಿ ಕೂರಿಸಿ, ಸುಣ್ಣ ಹಚ್ಚಿ, ಅರಿಷಿಣ ಕುಂಕುಮವಿಟ್ಟು, ಗಂಗವ್ವ ಎಂದು ಕಾಯಿ ಒಡೆಯುತ್ತಾರೆ. ಅಂದು ನಾಲ್ಕನೆಯ ಕಲ್ಲನ್ನು ಬುಟ್ಟಿಗೆ ಹಾಕುವಾಗ ಅಬ್ಬಾನ ಕಣ್ಣಿಗೆ ಅದರ ಮೈಮೇಲೆ ಒಂದು ಮೀನು ಕಂಡಿತಂತೆ. ಮುಳ್ಳು, ಬಾಲ, ಹುರುಪೆ ಎಲ್ಲಾ ಇತ್ತಂತೆ. ಅವರು ಹಗ್ಗ ಹಿಡಿದು ಮೇಲೆ ಬರುವಷ್ಟರಲ್ಲಿ ಐದೂ ಕಲ್ಲಿಗೆ ಸುಣ್ಣ ಬಿದ್ದು ಪೂಜೆ ಮುಗಿದಿತ್ತು. ಮಾಂಸದ ಹೆಸರೆತ್ತದ ಮನೆಯ ದೇವರಲ್ಲಿ ಮೀನಿದೆ ಎಂದು ಹೇಳುವುದು ಹೇಗೆ? ಅಲ್ಲಿ ಬಾಯಿ ಮುಚ್ಚಿಕೊಂಡು ಬಂದ ಅಬ್ಬಾ ಗೋಕಾಕದ ಚಹಾದಂಗಡಿಯಲ್ಲಿ ಬಾಯಿ ಬಿಟ್ಟರು.

ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗದು. ಕರಿಕಲ್ಲಿನ ಕೆಳಗೆ ಮೀನು ಹಿಡಿದ ಉಸ್ತಾದ ಎಂದು ಅವರನ್ನು ಕಾಡಿದ್ದೇ ಕಾಡಿದ್ದು. ಮಾತಿಗೆ ಮಾತು ಬಂದರೆ, ಅವರು ತೋರಿಸಿದ ಜಾಗದಲ್ಲಿ ನೀರು ಬರದಿದ್ದರೆ, "ಮೀನ ಕಂಡಾಂವಗ ನೀರ ಕಾಣಲಿಲ್ಲೇನು?" ಎಂದು ಕೇಳುವವರು ಇದ್ದೇ ಇದ್ದರು. ಅಬ್ಬಾ ಯಾರೊಂದಿಗೂ ಜಗಳಾಡಲಿಲ್ಲ. ಕೇಳಿದವರಿಗೆ ಅದೇ ಮಾತನ್ನು ಅಷ್ಟೇ ಹೇಳುತ್ತಿದ್ದರು, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ನಾನು ಓದಿ ಮೂಡಲಗಿ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾದೆ. ಓದಿದವನಾದ್ದರಿಂದ ನಂಬದಿರಲು ನನ್ನ ಬಳಿ ಕಾರಣವೂ ಇತ್ತು. ಕರಿಕಲ್ಲು ಜ್ವಾಲಾಮುಖಿಯಿಂದ ಹರಿದು ಆರಿದ ಕಲ್ಲು. ಬೆಂಕಿಯಲ್ಲಿ ಮೀನು ಬೇಯಬಹುದು, ಈಜಲಾರದು. ಬಸವನಹುಳು ಹೇಗೆ ಬಂತು ಎಂದು ನನ್ನನ್ನು ನಾನು ಕೇಳಿಕೊಳ್ಳಲಿಲ್ಲ. ಪಗಾರ ಬರುವ ಜಾಣತನ ಹೀಗೆಯೇ ಇರುತ್ತದೆ.

ಹೋದ ವರ್ಷ ಗೋಕಾಕದಲ್ಲಿ ಮಾಸ್ತರರಿಗೆ ತರಬೇತಿ ಇತ್ತು. ಮಧ್ಯಾಹ್ನದ ಊಟವಾದ ಮೇಲೆ, ಅರ್ಧ ಜನ ತೂಕಡಿಸುತ್ತಿದ್ದಾಗ, ನಿವೃತ್ತರಾದ ಭೂಗರ್ಭಶಾಸ್ತ್ರದ ಪ್ರಾಧ್ಯಾಪಕರೊಬ್ಬರು ನಮ್ಮ ನೆಲದ ಬಗ್ಗೆ ಮಾತಾಡಿದರು. ಲಾವಾ ಒಂದೇ ಸಲ ಹರಿದದ್ದಲ್ಲ. ಒಮ್ಮೆ ಹರಿದು ಆರಿದ ಮೇಲೆ ಸಾವಿರಾರು ವರ್ಷ ಸುಮ್ಮನಿರುತ್ತಿತ್ತು. ಆಗ ತಗ್ಗಿನಲ್ಲಿ ಮಳೆನೀರು ನಿಂತು ಸಿಹಿನೀರಿನ ಕೆರೆಗಳಾದವು. ಕೆರೆಯಲ್ಲಿ ಪಾಚಿ, ಬಸವನಹುಳು, ಏಡಿ ಜಾತಿಯ ಸಣ್ಣ ಸಣ್ಣ ಜೀವಿಗಳು, ಮೀನು. ಅವು ಸತ್ತು ಕೆಸರಿನಲ್ಲಿ ಹೂತವು, ಕೆಸರು ಕಲ್ಲಾಯಿತು, ಅದರ ಮೇಲೆ ಮತ್ತೊಮ್ಮೆ ಲಾವಾ ಹರಿಯಿತು. ಎರಡು ಕರಿಕಲ್ಲುಗಳ ನಡುವಿನ ಬಿಳಿ ಪದರವೆಂದರೆ ಆರು ಕೋಟಿ ವರ್ಷಕ್ಕೂ ಹಿಂದಿನ ಕೆರೆಯ ತಳ. ಮೀನಿನ ಹುರುಪೆ, ಹಲ್ಲು ಬಿಡಿಬಿಡಿಯಾಗಿ ಸಿಗುತ್ತವೆ, ಇಡೀ ಮೀನು ಸಿಕ್ಕರೆ ಬಹಳ ಅಪರೂಪ ಎಂದರು.

ನನಗೆ ಕೂತಲ್ಲೇ ಮೈ ಬಿಸಿಯಾಯಿತು. ಸಂತೋಷಕ್ಕಲ್ಲ, ನಾಚಿಕೆಗೆ.

ಮುಂದಿನ ರವಿವಾರ ಮೋಟಾರಸೈಕಲ್ ಹತ್ತಿ ದಡ್ಡಿಯ ಕಡೆ ಹೋದೆ. ಅಬ್ಬಾಗೆ ಹೇಳಲಿಲ್ಲ. ಎಂಬತ್ತು ದಾಟಿದ ಮನುಷ್ಯ, ಮೊದಲು ಕಲ್ಲು ಕೈಗೆ ಬರಲಿ ಎಂದುಕೊಂಡೆ. ಬಾವಿಯ ದಂಡೆಯಲ್ಲಿ ಐದೂ ಕಲ್ಲುಗಳು ಇದ್ದವು. ಬಾವಿ ತೋಡಿಸಿದ ರೈತರು ತೀರಿಹೋಗಿದ್ದರು. ಅವರ ಹೆಂಡತಿ, ಹಣೆತುಂಬ ವಿಭೂತಿಯ ಗಟ್ಟಿ ಮುದುಕಿ, ಹೊಲದಲ್ಲಿ ಕಸ ತೆಗೆಯುತ್ತಿದ್ದರು. ಉಸ್ತಾದರ ಮಗ, ಮಾಸ್ತರ ಎಂದದ್ದಕ್ಕೆ ಕುಡಗೋಲು ಕೆಳಗಿಟ್ಟು ನೀರು ಕೊಟ್ಟರು.

ನಾಲ್ಕನೆಯ ಕಲ್ಲಿನ ಮೇಲೆ ವರ್ಷವರ್ಷವೂ ಹಚ್ಚಿದ ಸುಣ್ಣ ರೊಟ್ಟಿಯಷ್ಟು ದಪ್ಪಗೆ ಕೂತಿತ್ತು. ಚಕ್ಕೆ ಎದ್ದ ಒಂದು ಮೂಲೆಯಲ್ಲಿ ಬಸವನಹುಳುವಿನ ಸುರುಳಿ ಕಾಣಿಸುತ್ತಿತ್ತು. ನಾನು ಉಗುರಿನಿಂದ ಕೆರೆಯಹೋದೆ.

"ಮಾಸ್ತರ, ಉಗರ ಹಚ್ಚಬ್ಯಾಡ್ರಿ. ದೇವರು ಅದು."

"ಯವ್ವಾ, ಈ ಕಲ್ಲ ನನಗ ಬೇಕಾಗಿತ್ರಿ. ಹಳೇ ಕಾಲದ ಕಲ್ಲು. ಸಾಲ್ಯಾಗ ಹುಡುಗರಿಗೆ ತೋರಸಾಕ."

ಯಾಕೆ ಎಂಬುದನ್ನು ಪೂರ್ತಿ ಹೇಳಲಿಲ್ಲ. ಮೀನು ಎಂಬ ಶಬ್ದ ನಾಲಿಗೆಯ ತುದಿಗೆ ಬಂದಿತ್ತು. ಗಂಗವ್ವನ ಎದುರಿಗೆ, ಆ ವಿಭೂತಿಯ ಎದುರಿಗೆ, ಅದೂ ನನ್ನಂಥವನ ಬಾಯಿಂದ ಆ ಮಾತು ಬೇಡವೆನಿಸಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡು ಸುಮ್ಮನಾದೆ.

ಮುದುಕಿ ಕಲ್ಲಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು. "ನಿಮ್ಮಪ್ಪ ಕೊಟ್ಟ ಕಲ್ಲು, ಇಲ್ಲ ಅನ್ನಾಕ ಬರೂದಿಲ್ಲ. ಎಳ್ಳ ಅಮಾಸಿ ಆಗಲಿ. ಚರಗ ಚೆಲ್ಲಿ, ಈ ಜಾಗಾಕ್ಕ ಬ್ಯಾರೆ ಕಲ್ಲ ಕುಂದ್ರಸ್ತೇವಿ. ಆಮ್ಯಾಲ ಒಯ್ರಿ," ಎಂದರು.

ಅಮಾವಾಸ್ಯೆಯ ಮರುದಿನ ಹೋದೆ. ಹಿಂದಿನ ದಿನ ಹೊಲಕ್ಕೆ ಚರಗದ ಎಡೆ ಚೆಲ್ಲಿ ಉಳಿದ ಸಜ್ಜೆ ರೊಟ್ಟಿ, ಶೇಂಗಾದ ಹೋಳಿಗೆ ಕಟ್ಟಿಟ್ಟಿದ್ದರು. ಪಕ್ಕದಲ್ಲಿ ಹೊಸ ಟವೆಲಿನಲ್ಲಿ ಸುತ್ತಿದ ಕಲ್ಲು. ಬಿಚ್ಚಿದೆ. ತೊಳೆದ ಅಕ್ಕಿಯ ಹಾಗೆ ಬೆಳ್ಳಗಿತ್ತು. ಸುಣ್ಣದ ಒಂದು ಚೂರೂ ಇಲ್ಲ. ಮೂಲೆಯಲ್ಲಿ ಒಂದೆರಡು ಬಸವನಹುಳು. ಉಳಿದಂತೆ ನುಣ್ಣನೆಯ ಬರಿಯ ಕಲ್ಲು.

"ಯವ್ವಾ, ಇದಕ್ಕ ಏನ ಮಾಡಿದ್ರಿ?"

"ದೇವರನ್ನ ಹೊಲಸ ಮೈಲೆ ಇನ್ನೊಬ್ಬರ ಮನಿಗೆ ಹೆಂಗ ಕಳಸೂದ್ರಿ? ಹುಣಸಿಹಣ್ಣ, ಇಟ್ಟಂಗಿ ಪುಡಿ ಹಚ್ಚಿ ತಿಕ್ಕೇನಿ. ಮನಿ ದೇವರ ಹಿತ್ತಾಳಿ ತಿಕ್ಕತೇವಲ್ಲ, ಹಂಗ. ಬುರುಬುರು ನೊರಿ ಬಂತು ನೋಡ್ರಿ, ಅಷ್ಟ ಹೊಲಸಿತ್ತು."

ಸುಣ್ಣದ ಕಲ್ಲಿಗೆ ಹುಳಿ ಬಿದ್ದರೆ ನೊರೆ ಬರುತ್ತದೆ, ಕಲ್ಲು ಕರಗುತ್ತದೆ. ಈ ಪ್ರಯೋಗವನ್ನು ನಾನು ಪ್ರತಿವರ್ಷ ನಿಂಬೆಹಣ್ಣು ತಂದು ಮಾಡಿ ತೋರಿಸುತ್ತೇನೆ. ಕಲ್ಲಿನ ಮೈಮೇಲೆಲ್ಲ ಬೆರಳಾಡಿಸಿ ಹುಡುಕಿದೆ. ನನ್ನ ಮುಖ ನೋಡಿ ಮುದುಕಿ ದನಿ ಇಳಿಸಿದರು.

"ಒಂದ ಮಾತ ಹೇಳತೇನಿ, ಯಾರ ಮುಂದೂ ಆಡಬ್ಯಾಡ್ರಿ. ಸುಣ್ಣ ಹೋದಮ್ಯಾಗ ಅದರಾಗ ಒಂದ ಮೀನಿನ ಆಕಾರ ಇತ್ತು. ಬಾಲ, ಮುಳ್ಳು ಸೈತ. ದೇವರ ಮೈಮ್ಯಾಲ ಇದೇನ ಹತ್ತೇತಿ ಅಂತ ನಿನ್ನಿ ರಾತ್ರಿಯೆಲ್ಲ ತಿಕ್ಕಿದೆ. ಲಗೂ ಹೋಗಲಿಲ್ಲ. ನೀವು ನೋಡಿ, ಇವರ ಮನ್ಯಾಗ ಎಂಥಾ ದೇವರು ಅಂತ ನಗಬಾರದಲ್ರಿ."

ನಾನು ಅವರ ಮರ್ಯಾದೆ ಕಾಯಲು ಹೋದೆ, ಅವರು ನನ್ನೆದುರಿಗೆ ತಮ್ಮ ಮರ್ಯಾದೆ ಕಾಯಲು ಹೋದರು. ನಲವತ್ತು ವರ್ಷ ಸುಣ್ಣ ಕಾಪಾಡಿದ ಮೀನನ್ನು ನಾವಿಬ್ಬರೂ ಸೇರಿ ತಿಕ್ಕಿ ತೆಗೆದಿದ್ದೆವು. ಬಹಳ ಚೊಕ್ಕ ಮಾಡೀರಿ ಎಂದೆ. ರೊಟ್ಟಿಯ ಗಂಟು, ಕಲ್ಲಿನ ಗಂಟು ಎರಡನ್ನೂ ಹಿಡಿದುಕೊಂಡು ಗೋಕಾಕಕ್ಕೆ ಬಂದೆ.

ಅಬ್ಬಾ ಪಡಸಾಲೆಯಲ್ಲಿ ಕೂತಿದ್ದರು. ಕಲ್ಲನ್ನು ಅವರ ಕೈಗೆ ಕೊಟ್ಟು, ತರಬೇತಿಯಿಂದ ಹಿಡಿದು ಹುಣಸೆಹಣ್ಣಿನವರೆಗೆ ಎಲ್ಲವನ್ನೂ ಹೇಳಿದೆ. ಅವರು ಕಲ್ಲನ್ನು ತಿರುಗಿಸಿ ತಿರುಗಿಸಿ ನೋಡಿದರು. ನಾನು ಅಂದುಕೊಂಡಷ್ಟು ದುಃಖ ಅವರ ಮುಖದಲ್ಲಿ ಕಾಣಲಿಲ್ಲ.

"ಆಕಿ ಹೇಳಿದ್ದು ನೀ ನಂಬಿದೆ?" ಎಂದು ಕೇಳಿದರು.

"ನಂಬಿದೆ."

"ಎಷ್ಟ ಹೊತ್ತಿನಾಗ?"

ನಿಂತ ಕಾಲ ಮೇಲೆ ನಂಬಿದ್ದೆ.

"ಊರ ಮಂದಿ ನಗೂದು ಊರ ಮಂದಿ ಕೆಲಸ. ನೀ ಸಾಲ್ಯಾಗ ನಗಸ್ತಿದ್ದೆಲ್ಲ, ಅದು ನನಗ ಗೊತ್ತಿತ್ತು," ಎಂದರು.

ಅದು ಖರೆ. ಪಳೆಯುಳಿಕೆಗಳ ಪಾಠ ಬಂದಾಗಲೆಲ್ಲ ನಾನು ಕರಿಹಲಗೆಯ ಮೇಲೆ 'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂದು ಬರೆದು, ಬಾವಿಯಲ್ಲಿ ಮೀನು ಕಂಡ ಒಬ್ಬ ಮನುಷ್ಯನ ಕತೆ ಹೇಳುತ್ತಿದ್ದೆ. ತರಗತಿ ಬಿದ್ದು ಬಿದ್ದು ನಗುತ್ತಿತ್ತು. ಯಾರೆಂದು ಹೇಳುತ್ತಿರಲಿಲ್ಲ, ಅಷ್ಟರ ಮಟ್ಟಿಗೆ ನಾನು ಒಳ್ಳೆಯ ಮಗ. ಆ ಮಕ್ಕಳ ಅಪ್ಪಂದಿರಲ್ಲಿ ಕೆಲವರು ಅಬ್ಬಾ ತೋಡಿದ ಬಾವಿಯ ನೀರು ಕುಡಿದವರು ಎಂಬುದು ನನಗೆ ಹೊಳೆದಿರಲಿಲ್ಲ.

"ತಪ್ಪಾತು, ಅಬ್ಬಾ," ಎಂದೆ. "ಹುಡುಗರ ಮುಂದ ಖರೆ ಏನಂತ ಹೇಳತೇನಿ. ಈ ಕಲ್ಲ ಒಯ್ದು ಬಸವನಹುಳಾನೂ ತೋರಸ್ತೇನಿ."

"ಹೇಳು. ಕಲ್ಲ ಒಯ್ಯಬ್ಯಾಡ. ನಾ ಹೇಳಿದಂಗ ಬರೇ ಬಾಯಿಲೆ ಹೇಳು."

ಸೋಮವಾರ ಮೊದಲ ತಾಸಿಗೇ ಹೇಳಿದೆ. ಕೆರೆ, ಕೆಸರು, ಲಾವಾ ಎಲ್ಲ ಹೇಳಿ, ಮುದುಕಿಯ ಮಾತು ಎತ್ತದೆ, ದಡ್ಡಿಯ ಕಡೆಯ ಬಾವಿಯಲ್ಲಿ ಇಡೀ ಮೀನಿನ ಕಲ್ಲು ಸಿಕ್ಕಿತ್ತು ಎಂದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ನೀವು ನೋಡೀರೇನ್ರಿ ಸರ?"

"ಇಲ್ಲ. ನಮ್ಮ ತಂದಿ ನೋಡ್ಯಾರ."

ಹಿಂದಿನಿಂದ ಶುರುವಾದ ನಗು ಇಡೀ ಕೋಣೆಗೆ ಹಬ್ಬಿತು. ಅದು ನಿಲ್ಲುವವರೆಗೆ ಮೇಜು ಹಿಡಿದು ನಿಂತುಕೊಂಡೆ. ಆಮೇಲೆ ಅದೇ ಮಾತನ್ನು ಇನ್ನೊಮ್ಮೆ ಹೇಳಿದೆ.