ಗೋಡೆಗೊಂದು ಮೊಳೆ

ಜಾಲಹಳ್ಳಿಯ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ನಾವು ಹದಿನಾಲ್ಕು ವರ್ಷ ಇದ್ದೆವು. ಆ ಹದಿನಾಲ್ಕು ವರ್ಷದಲ್ಲಿ ಗೋಡೆಗೆ ಒಂದೇ ಒಂದು ಮೊಳೆ ಹೊಡೆಯಲಿಲ್ಲ. ಹೊಡೆಯುವ ಹಾಗೇ ಇರಲಿಲ್ಲ. ಮನೆ ಕೊಡುವಾಗ ಕೈಗಿತ್ತ ನಿಯಮಗಳ ಹಾಳೆಯಲ್ಲಿ ಅದು ಐದನೆಯದೋ ಆರನೆಯದೋ ಆಗಿತ್ತು. ನಮ್ಮ ಯಜಮಾನರಿಗೆ ಮಾತ್ರ ಅದೇ ಮೊದಲನೆಯದು. ಅವರು ಇನ್‌ಸ್ಪೆಕ್ಷನ್ ವಿಭಾಗದವರು. ಬೇರೆಯವರು ಮಾಡಿದ ಸಾಮಾನಿನಲ್ಲಿ ಕೂದಲೆಳೆಯಷ್ಟು ತಪ್ಪು ಹುಡುಕಿ ವಾಪಸ್ ಕಳಿಸುವುದೇ ಅವರ ಕೆಲಸ. ಅಂಥವರು ತಾವಿರುವ ಮನೆಯ ಗೋಡೆಗೆ ತೂತು ಬೀಳಲು ಬಿಟ್ಟಾರೆಯೇ?

ವರ್ಷಕ್ಕೊಮ್ಮೆ ಎಸ್ಟೇಟ್ ಆಫೀಸಿನವರು ಬಂದು ಗೋಡೆಗಳನ್ನು ನೋಡಿಹೋಗುತ್ತಿದ್ದರು. ಅಕ್ಕಪಕ್ಕದ ಮನೆಯವರೇನೂ ಸಾಚಾಗಳಲ್ಲ, ಧಾರಾಳವಾಗಿ ಮೊಳೆ ಹೊಡೆಯುತ್ತಿದ್ದರು. ಆಫೀಸಿನವರು ಬರುವ ಹಿಂದಿನ ದಿನ ಎಲ್ಲ ಕಿತ್ತು, ತೂತಿಗೆ ಬಿಳಿ ಟೂತ್‌ಪೇಸ್ಟ್ ತುಂಬಿ ಬೆರಳಿನಿಂದ ಸವರಿಬಿಡುತ್ತಿದ್ದರು. ಸುಣ್ಣದ ಗೋಡೆಯಲ್ಲಿ ಅದು ಗೊತ್ತೇ ಆಗುತ್ತಿರಲಿಲ್ಲ. ಆದರೆ ಅವತ್ತು ಇಡೀ ಬೀದಿ ಹಲ್ಲುಜ್ಜಿಕೊಂಡು ನಿಂತ ಹಾಗೆ ಘಮಘಮ ಅನ್ನುತ್ತಿತ್ತು. ನಮ್ಮ ಮನೆಯಲ್ಲಿ ಆ ಕಳ್ಳಾಟವೂ ಇಲ್ಲ. ಕ್ಯಾಲೆಂಡರು, ಕನ್ನಡಿ, ಮಠದ ಗುರುಗಳ ಫೋಟೋ, ಎಲ್ಲವನ್ನೂ ಲಾಡಿ ಕಟ್ಟಿ ಕಿಟಕಿ ಕಂಬಿಗೆ ನೇತುಹಾಕುತ್ತಿದ್ದೆವು.

ತೊಂಬತ್ತರ ದಶಕದ ನಡುವಿನಲ್ಲಿ ಪೀಣ್ಯದ ಆಚೆ ಒಂದು ಹೊಸ ಬಡಾವಣೆಯಲ್ಲಿ ಸ್ವಂತ ಮನೆ ಆಯಿತು. ಒಂದು ಪಕ್ಕ ಖಾಲಿ ಸೈಟು, ಇನ್ನೊಂದು ಪಕ್ಕ ಪವರ್ ಪ್ರೆಸ್ ಕೂರಿಸಿದ ಶೆಡ್ಡು. ಬೆಳಗಿನಿಂದ ಸಂಜೆಯವರೆಗೂ ಅಲ್ಲಿ ತಗಡು ಕುಟ್ಟುವ ಧಡ್ ಧಡ್. ನನಗೆ ಅದ್ಯಾವುದೂ ಲೆಕ್ಕಕ್ಕಿರಲಿಲ್ಲ. ತವರುಮನೆಯಲ್ಲಿ ಅಪ್ಪ ಹೇಳಿದ ಜಾಗದಲ್ಲಿ ಕುರ್ಚಿ, ಅತ್ತೆಮನೆಯಲ್ಲಿ ಅತ್ತೆ ಹೇಳಿದ ಜಾಗದಲ್ಲಿ ಮಂಚ, ಕ್ವಾರ್ಟರ್ಸಿನಲ್ಲಿ ಆಫೀಸಿನವರು ಹೇಳಿದ ಬಣ್ಣ. ಯಾವ ಮನೆಯೂ ಅದುವರೆಗೆ ನನ್ನ ಮಾತು ಕೇಳಿರಲಿಲ್ಲ. ಇದೊಂದಾದರೂ ಕೇಳಬೇಕು, ಹೊಸ್ತಿಲು ದಾಟಿ ಬಂದವರು ‘ಇದು ಇವಳ ಮನೆ’ ಅನ್ನಬೇಕು ಅಂತ ನನಗೆ ಹಟ. ಮನೆಯ ಅಲಂಕಾರದಲ್ಲಿ ಮನೆಯೊಡತಿಯ ವ್ಯಕ್ತಿತ್ವ ಕಾಣಬೇಕು ಅಂತ ಯಾವುದೋ ವಾರಪತ್ರಿಕೆಯಲ್ಲಿ ಬೇರೆ ಓದಿದ್ದೆ. ಕಾಣಿಸಿಕೊಳ್ಳಲಿಕ್ಕೆ ವ್ಯಕ್ತಿತ್ವ ಅಂತ ಒಂದು ಇರಬೇಕಲ್ಲ?

ಹೋಗಿ ಕನ್ನಡಿ ನೋಡಿಕೊಂಡೆ. ಕಿಟಕಿಯ ಬೆಳಕು ಹಿಂದಿನಿಂದ ಬೀಳುತ್ತಿದ್ದುದರಿಂದ ಮುಖವೂ ಸರಿಯಾಗಿ ಕಾಣಲಿಲ್ಲ.

ಇದರ ಮೇಲೆ ದಾವಣಗೆರೆಯಿಂದ ಅಕ್ಕನ ಕಾಗದ ಬಂತು. ಮಗಳ ಬಾಣಂತನ ಅಂತ ಗೃಹಪ್ರವೇಶಕ್ಕೆ ಬಂದಿರಲಿಲ್ಲ, ಈಗ ಮೂರು ತಿಂಗಳು ಬಿಟ್ಟು ಬರುತ್ತೇನೆ, ನಿನ್ನ ಮನೆ ನೋಡಬೇಕು ಅಂತ ಬರೆದಿದ್ದಳು. ನನ್ನ ಅಕ್ಕನಿಗೆ ಮನಸ್ಸಿಗೂ ನಾಲಿಗೆಗೂ ನಡುವೆ ಬಾಗಿಲಿಲ್ಲ. ಅವಳು ಚೆನ್ನಾಗಿದೆ ಅಂದರೆ ಚೆನ್ನಾಗಿದೆ ಅಂತಲೇ ಅರ್ಥ. ಹಾಗಾಗಿ ಯುದ್ಧೋಪಾದಿಯಲ್ಲಿ ಕೆಲಸ ಶುರುಮಾಡಿದೆ.

ಮೊದಲು ಮೂಲೆಮನೆಯವರ ಶೋಕೇಸನ್ನು ಕಣ್ಣು ಮುಚ್ಚಿ ಕಾಪಿ ಹೊಡೆದೆ. ಅವರ ಹಾಗೇ ಯಾರೂ ಕುಡಿಯದ ಟೀ ಸೆಟ್ಟು, ಓಡದ ಕಾರು, ತಲೆಯಾಡಿಸುವ ನಾಲ್ಕು ತಂಜಾವೂರು ಬೊಂಬೆ ತಂದಿಟ್ಟೆ. ಪಕ್ಕದ ಶೆಡ್ಡಿನಲ್ಲಿ ಪ್ರೆಸ್ಸು ಬಿದ್ದಾಗಲೆಲ್ಲ ನಾಲ್ಕೂ ಒಟ್ಟಿಗೆ ತಲೆಯಾಡಿಸುತ್ತಿದ್ದವು. ನಾನು ಏನೇ ಹೇಳಿದರೂ ಹೂಂ, ಹೂಂ, ಹೂಂ.

“ಅಂತೂ ಈ ಮನೇಲಿ ನಿನ್ನ ಮಾತು ಒಪ್ಕೊಳ್ಳೋರು ನಾಲ್ಕು ಜನ ಸಿಕ್ರಲ್ಲ,” ಅಂದರು ಯಜಮಾನರು.

ಆಮೇಲೆ ಕ್ರೋಶಾ ಕಾಲ. ಟೀವಿಗೆ, ಮಿಕ್ಸಿಗೆ, ನೀರಿನ ಫಿಲ್ಟರಿಗೆ, ಕೊನೆಗೆ ರೇಡಿಯೋಗೂ ಹೆಣೆದ ಅಂಗಿ ತೊಡಿಸಿದೆ. ವಾರ್ತೆ ಕೇಳಬೇಕಾದರೆ ಯಜಮಾನರು ರೇಡಿಯೋದ ಅಂಗಿ ಬಿಚ್ಚಿ, ಮಡಿಸಿಟ್ಟು, ಕೇಳಿ, ಮತ್ತೆ ತೊಡಿಸುತ್ತಿದ್ದರು. ನಿಯಮ ಅಂದರೆ ನಿಯಮ. ಇನ್ನೊಂದು ಸಲ ಪತ್ರಿಕೆಯವರು ಸುತ್ತಮುತ್ತ ಸಿಗುವ ವಸ್ತುಗಳಲ್ಲೇ ಅಲಂಕಾರ ಮಾಡಿ ಅಂದರು. ನಮ್ಮ ಸುತ್ತಮುತ್ತ ಸಿಗುವುದೇನು? ವರ್ಕ್‌ಶಾಪುಗಳ ಲೇತಿನಿಂದ ಬಿದ್ದ ಕಬ್ಬಿಣದ ಸುರುಳಿಗಳು. ನೀಲಿಯಾಗಿ ಮಿರಮಿರ ಮಿಂಚುತ್ತಿದ್ದವು, ತಂದು ಹೂದಾನಿಗೆ ಸಿಕ್ಕಿಸಿದೆ. ಎರಡು ಬೆರಳು ಕೊಯ್ದುಕೊಂಡೆ. ಹೂದಾನಿ ವಾರದೊಳಗೆ ತುಕ್ಕು ಕಾರಿತು. ಒಂದೊಂದನ್ನು ಮಾಡಿದಾಗಲೂ ಚೆಂದವೇ ಕಾಣುತ್ತಿತ್ತು, ಆದರೆ ನಾನು ಯಾರದೋ ಮನೆಗೆ ಬಂದು ಕೂತಿದ್ದೇನೆ ಅನ್ನಿಸುವುದು ಮಾತ್ರ ಹೋಗಲಿಲ್ಲ.

ಅಕ್ಕ ಬಂದಳು. ರೊಟ್ಟಿ, ಶೇಂಗಾ ಚಟ್ನಿಯ ಗಂಟು ನನ್ನ ಕೈಗಿತ್ತು, ಕೈಕಾಲು ತೊಳೆದು, ದೇವರಿಗೆ ಕೈಮುಗಿದು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು ಮುಂದಿನ ಹಾಲ್‌ನಲ್ಲಿ ಕೂತಳು. ಬೊಂಬೆಗಳು ತಲೆಯಾಡಿಸಿ ಸ್ವಾಗತ ಕೋರಿದವು. ಅವಳು ಅತ್ತ ನೋಡಲೂ ಇಲ್ಲ.

“ಅಲ್ಲೇ ತಂಗಿ, ಮಧ್ಯಾಹ್ನ ಹನ್ನೆರಡಕ್ಕೆ ಲೈಟ್ ಯಾಕ್ ಹಾಕೀರಿ?”

“ಕತ್ತಲೆ ಅಲ್ವೇನಕ್ಕ,” ಅಂದೆ.

ಅಕ್ಕ ಎದ್ದು ಒಂದು ಸುತ್ತು ಹಾಕಿದಳು. ಹಾಲು, ರೂಮು, ಅಡುಗೆಮನೆ. ವಾಪಸ್ ಬಂದು ಸೊಂಟಕ್ಕೆ ಕೈಯಿಟ್ಟು ಕೇಳಿದಳು: “ಈ ಮನೆ ಯಾವಾಗ ಖಾಲಿ ಮಾಡ್ತೀರಿ?”

“ಏನಕ್ಕ ಹಂಗಂತೀಯ? ಸ್ವಂತ ಮನೆ!”

“ಮತ್ತೆ ಎಲ್ಲಾ ಕಿಟಕಿಗೆ ಕಟ್ಟೀರಲ್ಲೇ. ಬಿಚ್ಕೊಂಡು ಹೊರಡೋರ ಹಂಗೆ.”

ಆಗ ನೋಡಿದೆ. ಹಾಲಿನ ಕಿಟಕಿಯಲ್ಲಿ ಗುರುಗಳ ಫೋಟೋ, ಎರಡು ಕ್ಯಾಲೆಂಡರು, ಬೀಗದಕೈ ಗೊಂಚಲು. ರೂಮಿನ ಕಿಟಕಿಯಲ್ಲಿ ಕನ್ನಡಿ, ಬಾಚಣಿಗೆ ಚೀಲ, ಯಜಮಾನರ ಅಂಗಿ. ಅಡುಗೆಮನೆಯ ಕಿಟಕಿಯಲ್ಲಿ ಜರಡಿ, ಸೌಟು, ಗ್ಯಾಸಿನವರ ಪುಸ್ತಕ. ಗೋಡೆಗಳೆಲ್ಲ ಬೋಳು. ಮೂರು ತಿಂಗಳಿಂದ ಮನೆಯೆಲ್ಲ ಅಲಂಕಾರ ಮಾಡಿದವಳು ನಾನು, ಗೋಡೆಯನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಮುಟ್ಟಬಹುದು ಅನ್ನುವುದೇ ನನಗಾಗಲಿ ಅವರಿಗಾಗಲಿ ಹೊಳೆದಿರಲಿಲ್ಲ. ನಗು ಬರಬೇಕಾದ ಜಾಗದಲ್ಲಿ ನನಗೆ ಅಳು ಬಂತು. ಸಿಟ್ಟೂ ಬಂತು, ಆದರೆ ಯಾರ ಮೇಲೆ ಅಂತ ತಿಳಿಯಲಿಲ್ಲ.

“ಅತ್ತಿದ್ದು ಸಾಕು. ನಿನ್ನ ಗಿಳಿ ಎಲ್ಲಿ?” ಅಂದಳು ಅಕ್ಕ.

ಗಿಳಿ ಅಂದರೆ ಮದುವೆಗೆ ಮುಂಚೆ ನಾನು ದಪ್ಪ ಬಟ್ಟೆಯ ಮೇಲೆ ಕಸೂತಿ ಹಾಕಿದ್ದ ಗಿಳಿ. ಹಸಿರು ದಾರ ಮುಗಿದುಹೋಗಿ ಅರ್ಧ ಮೈ ನೇರಳೆ ಬಣ್ಣದಲ್ಲಿ ಹಾಕಿದ್ದೆ. ಕಣ್ಣು ಹೊಲಿಯುವ ಮೊದಲೇ ಮದುವೆ ಗೊತ್ತಾಯಿತು. ಅಪ್ಪ ಹಾಗೇ ಗಾಜಿನ ಫ್ರೇಮ್ ಹಾಕಿಸಿ ಕಳಿಸಿಕೊಟ್ಟಿದ್ದರು. ಕ್ವಾರ್ಟರ್ಸಿನ ಕಿಟಕಿಗೆ ಅದು ಭಾರ, ಲಾಡಿ ತಡೆಯುತ್ತಿರಲಿಲ್ಲ. ಹಾಗಾಗಿ ಹದಿನಾಲ್ಕು ವರ್ಷ ಟ್ರಂಕಿನಲ್ಲಿ ಹಳೇ ಸೀರೆ ಸುತ್ತಿಕೊಂಡು ಮಲಗಿತ್ತು.

ಸಂಜೆ ಫ್ಯಾಕ್ಟರಿಯಿಂದ ಬಂದವರಿಗೆ ಕಾಫಿ ಕೊಡುವ ಮೊದಲೇ ಹೇಳಿದೆ: “ರೀ, ಮೊಳೆ ಹೊಡೀಬೇಕು.”

ಅವರ ಮುಖ ನೋಡಬೇಕಿತ್ತು. “ಗೋಡೆಗಾ?” ಅಂದರು.

“ಇನ್ನೇನು ನನ್ನ ತಲೆಗಾ?”

ಮನೆಯಲ್ಲಿ ಮಟ್ಟ ನೋಡುವ ಸ್ಪಿರಿಟ್ ಲೆವೆಲ್ ಇತ್ತು, ಕೂದಲೆಳೆ ಅಳೆಯುವ ವರ್ನಿಯರ್ ಇತ್ತು, ಸುತ್ತಿಗೆ ಮಾತ್ರ ಇರಲಿಲ್ಲ. ಶೆಡ್ಡಿನವರಿಂದ ಇಸಕೊಂಡು ಬಂದರು. ಬಂಡೆ ಒಡೆಯುವಷ್ಟು ದೊಡ್ಡದು. ಹಾಲಿನ ನಡುಗೋಡೆಯನ್ನು ಅಡ್ಡ ಅಳೆದರು, ಉದ್ದ ಅಳೆದರು, ಪೆನ್ಸಿಲಿನಲ್ಲಿ ಗುರುತು ಹಾಕಿ, ಅಳಿಸಿ, ಮತ್ತೆ ಹಾಕಿದರು. ಮುಕ್ಕಾಲು ಗಂಟೆ ಆಯಿತು.

“ಹೊಡೀರಿ, ಗಿಳಿಗೆ ವಯಸ್ಸಾಗ್ತೈತಿ,” ಅಂದಳು ಅಕ್ಕ.

ಅವರು ಕಣ್ಣು ಅರ್ಧ ಮುಚ್ಚಿ ಹೊಡೆದರು. ಮೊಳೆ ಸೊಟ್ಟಗಾಗಿ ಎಲ್ಲೋ ಹಾರಿತು, ಗಾರೆ ಪಟಕ್ಕನೆ ಉದುರಿತು, ಗೋಡೆಯಲ್ಲಿ ರೂಪಾಯಿ ಅಗಲದ ಹಳ್ಳ ಬಿತ್ತು. ಯಜಮಾನರು ಸುತ್ತಿಗೆ ಕೆಳಗಿಟ್ಟು ನೇರ ಬಚ್ಚಲಿಗೆ ಹೋದರು. ಬಂದಾಗ ಕೈಯಲ್ಲಿ ಟೂತ್‌ಪೇಸ್ಟಿನ ಟ್ಯೂಬು ಇತ್ತು. ಮುಚ್ಚಳ ಆಗಲೇ ತೆಗೆದಿದ್ದರು.

ನಾನು ಟ್ಯೂಬು ಕಿತ್ತುಕೊಂಡೆ. “ಯಾರಿಗೆ ಹೆದರಿ ಮುಚ್ತಿದೀರಿ? ಯಾರು ಬರ್ತಾರೆ ನೋಡೋಕೆ?”

ಅವರು ಬಾಗಿಲ ಕಡೆ ಒಮ್ಮೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮೆಲ್ಲಗೆ ಅಂದರು, “ಹೌದಲ್ಲ. ಯಾರೂ ಬರಲ್ಲ.” ಆಮೇಲೆ ನಾವು ಮೂವರೂ ನಕ್ಕಿದ್ದು ಪ್ರೆಸ್ಸಿನ ಸದ್ದನ್ನೂ ಮೀರಿಸಿತು.

ಎರಡನೇ ಮೊಳೆಯನ್ನು ನಾನೇ ಹೊಡೆದೆ, ಅಳತೆ ಗಿಳತೆ ಇಲ್ಲದೆ, ನನಗೆ ಇಷ್ಟ ಬಂದ ಕಡೆ. ಗಟ್ಟಿಯಾಗಿ ನಿಂತಿತು. ಕಣ್ಣಿಲ್ಲದ ನೇರಳೆ ಗಿಳಿ ಗೋಡೆ ಏರಿತು, ಅದರ ಪಕ್ಕದಲ್ಲೇ ಆ ಹಳ್ಳ. ರಾತ್ರಿ ಊಟಕ್ಕೆ ಮುಂಚೆ ಕಿಟಕಿಗಳಿಗೆ ಕಟ್ಟಿದ್ದನ್ನೆಲ್ಲ ಬಿಚ್ಚಿಬಿಟ್ಟೆ. ಮಾರನೆಯ ಬೆಳಗ್ಗೆ ಮೂರೂ ಕಿಟಕಿಯಿಂದ ಬಿಸಿಲು ಒಳಗೆ ಬಂತು. ಆ ಬೆಳಕಿನಲ್ಲಿ ಶೋಕೇಸು ನನಗೇ ನಾಚಿಕೆ ತರಿಸಿತು. ಟೀ ಸೆಟ್ಟನ್ನು ಟೀ ಕುಡಿಯಲಿಕ್ಕೆ ಇಳಿಸಿದೆ, ರೇಡಿಯೋದ ಅಂಗಿ ಬಿಚ್ಚಿದೆ. ಬೊಂಬೆಗಳನ್ನು ಮಾತ್ರ ಉಳಿಸಿಕೊಂಡೆ, ಹೂಂ ಅನ್ನುವವರು ಬೇಕಲ್ಲ. ಅಕ್ಕ ಹೊರಡುವಾಗ ಹೊಸ್ತಿಲಲ್ಲಿ ನಿಂತು ಒಳಗೆ ಇಣುಕಿ, “ಈಗ ನಿನ್ನ ಮನಿ ಆತು ನೋಡು,” ಅಂದಳು. ನನಗೆ ಎಷ್ಟು ಸಂತೋಷ ಆಯಿತು ಅಂದರೆ ಬಸ್ ಸ್ಟಾಪಿನವರೆಗೂ ಅವಳ ಚೀಲ ನಾನೇ ಹೊತ್ತೆ.

ಕೆಲವು ವರ್ಷದ ಮೇಲೆ ಮನೆಗೆ ಮತ್ತೆ ಬಣ್ಣ ಹೊಡೆಸಿದೆವು. ಪೇಂಟರು ಗಿಳಿಯನ್ನು ಕೆಳಗಿಳಿಸಿ, ಆ ಹಳ್ಳ ನೋಡಿ, ಪುಟ್ಟಿ ಮೆತ್ತಿ ಮುಚ್ಚಲು ಕೈ ಎತ್ತಿದರು. ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದ ನಮ್ಮ ಯಜಮಾನರು, ಜೀವಮಾನವೆಲ್ಲ ಕೂದಲೆಳೆಯಷ್ಟು ತಪ್ಪನ್ನೂ ವಾಪಸ್ ಕಳಿಸಿದವರು, ತಟ್ಟನೆ ಎದ್ದು ನಿಂತರು.

“ಅದನ್ನ ಮುಟ್ಬೇಡಿ ಸಾರ್,” ಅಂದರು. “ಅದು ಪಾಸಾಗಿರೋದು.”