ಗೇಣುದ್ದದ ಎಂಜಿನ್ನಿಗೆ ಚಿಟಿಕೆ ಉಸುಕು

ವಾಡಿ ಸ್ಟೇಷನ್ನಿನಲ್ಲಿ ಟೆಲಿಗ್ರಾಂ ಕಳಿಸುವ ತಾರ್ ಬಾಬು ಆಗಿದ್ದಾಗ ನಾನು ಮುಂಬಯಿಯಿಂದ ಒಂದು ಪೆಟ್ಟಿಗೆ ತರಿಸಿದ್ದೆ. ಅದರೊಳಗಿನ ತಗಡಿನ ಚೂರುಗಳನ್ನು ಬೆಸೆದರೆ ಗೇಣುದ್ದದ ರೈಲು ಎಂಜಿನ್ ಆಗುತ್ತಿತ್ತು, ಹೊಟ್ಟೆಯಲ್ಲೊಂದು ಪುಟ್ಟ ಮೋಟಾರು. ಮೂರು ತಿಂಗಳು ಕೂತು ಜೋಡಿಸಿದೆ. ಮೇಜಿನ ಈ ಅಂಚಿನಿಂದ ಆ ಅಂಚಿಗೆ ಹಳಿ ಹಾಸಿ, ಹಳಿಗೆ ಬ್ಯಾಟರಿಯ ತಂತಿ ಸಿಕ್ಕಿಸಿ, ಎಂಜಿನ್ ಹಿಂದೆ ಎರಡು ಡಬ್ಬಿ ಕಟ್ಟಿದೆ. ಗಾಲಿ ಗರಗರ ತಿರುಗಿದವು, ಗಾಡಿ ಮಾತ್ರ ಕದಲಲಿಲ್ಲ.

ಡ್ಯೂಟಿ ಮುಗಿಸಿ ಬಂದ ಡ್ರೈವರ್ ಕಾಸಿಂಸಾಬರು ಬಗ್ಗಿ ನೋಡಿದರು.

"ಗಾಲಿ ಜಾರ್ಲಿಕತ್ತಾವ್ರಿ ಬಾಬು. ಉಸುಕು ಹಾಕ್ರಿ."

ಏರಿನಲ್ಲಿ ಗಾಲಿ ಜಾರಿದರೆ ಹಳಿಗೆ ಉಸುಕು ಬಿಡುವುದು ಅವರ ದಿನದ ಕೆಲಸ. ನಾನು ಬಾಯಿ ತೆಗೆಯುವುದರೊಳಗೆ ಹೊರಗಿನಿಂದ ಚಿಟಿಕೆ ಉಸುಕು ತಂದು ಉದುರಿಸಿಯೇ ಬಿಟ್ಟರು. ತಿರುಗುತ್ತಿದ್ದ ಗಾಲಿಯೂ ನಿಂತವು.

"ಚಾಚಾ, ಇದಕ್ಕ ಕರೆಂಟು ಹಳಿಯಿಂದನ ಬರ್ತದ. ನೀವು ಅದರ ದಾರಿನೇ ಮುಚ್ಚಿದ್ರಿ!" ಎಂದು ರೇಗಿದೆ.

ಅವರು ಕಣ್ಣರಳಿಸಿದರು. "ಹಳಿ ಮ್ಯಾಲ ಓಡೂದು ಗೊತ್ತಿತ್ತು. ಹಳಿನೇ ತಿಂದು ಓಡೂದು ಇವತ್ತ ನೋಡ್ದೆ."

ತಮ್ಮ ರುಮಾಲಿನಿಂದಲೇ ಹಳಿ ಒರೆಸಿದರು. ಎಂಜಿನ್ನನ್ನು ಅಂಗೈಯಲ್ಲಿ ತೂಗಿ, "ಭಾಳ ಹಗುರ ಅದ," ಎಂದು ಶಹಾಬಾದ ಕಲ್ಲಿನ ಚೂರೊಂದನ್ನು ಬಾಯ್ಲರಿನ ಖಾಲಿ ಜಾಗಕ್ಕೆ ತುರುಕಿದರು.

ಗಾಡಿ ಹೊರಟಿತು, ನಾವಂದುಕೊಂಡದ್ದಕ್ಕಿಂತ ಜೋರಾಗಿ. ಮೇಜಿನ ಅಂಚು ಬಂದಾಗ ಕಾಸಿಂಸಾಬರು ಅದನ್ನು ಹಿಡಿಯಬಹುದಿತ್ತು. ಆದರೆ ಅವರ ಕೈ ಗಾಳಿಯಲ್ಲಿ ಬ್ರೇಕ್ ಎಳೆಯುತ್ತಿತ್ತು. ಎಂಜಿನ್ ದಡಕ್ಕನೆ ನೆಲಕ್ಕೆ ಬಿತ್ತು.

ಬ್ಯಾಟರಿಯ ತಂತಿ ಕಿತ್ತಿದ್ದರೆ ನಾನೂ ನಿಲ್ಲಿಸಬಹುದಿತ್ತು. ಡ್ರೈವರ್ ಬ್ರೇಕ್ ಹಾಕಿದ್ದಾರಲ್ಲ ಎಂದು ಸುಮ್ಮನಿದ್ದೆ.