ದವಡೆಯಲ್ಲಿ ಚಿನ್ನ ಹುಡುಕಿದವರು

ಒಡವೆ ಕಾರ್ಖಾನೆಯಲ್ಲಿ ಕೈ ತೊಳೆದ ನೀರನ್ನೂ ಚೆಲ್ಲುವುದಿಲ್ಲ. ತೊಟ್ಟಿಯ ತಳದಲ್ಲಿ ಚಿನ್ನದ ಪುಡಿ ಕೂತಿರುತ್ತದೆ. ಅಂಥ ಕಡೆ, ಬಳೆ ಉಜ್ಜಿ ಹೊಳಪು ಕೊಡುವ ಪಾಲಿಶ್ ಅಕ್ಕ ಬಾಟಲಿಗಟ್ಟಲೆ ನೀರು ಕುಡಿಯಲು, ಕುಡಿದಷ್ಟೇ ಬೇಗ ಶೌಚಾಲಯಕ್ಕೆ ಓಡಲು ಶುರುಮಾಡಿದಳು. ಅದೇ ತಿಂಗಳು ಪುಡಿಯ ತೂಕ ಕಡಿಮೆ ಬಂತು. ಮಾಲೀಕನ ಕಿವಿ ನೆಟ್ಟಗಾಯಿತು.

"ಸಕ್ಕರೆ ಕಾಯಿಲೆ ಇರ್ಬೇಕು ಸಾರ್," ಅಂದಳು ಅಕ್ಕ. ರಕ್ತ ಪರೀಕ್ಷೆಯಾಯಿತು. ಸಕ್ಕರೆ ಇರಲಿಲ್ಲ. ಕಾಯಿಲೆ ಇಲ್ಲ ಅಂದಮೇಲೆ ಕಳ್ಳಿಯೇ ಇರಬೇಕಂತೆ! ಯಾವ ತಕ್ಕಡಿಯಲ್ಲಿ ತೂಗಿದ ನ್ಯಾಯ ಇದು?

"ನಮ್ಮನೆ ನಲ್ಲಿಗೇ ಏದುಸಿರು ಬಂದಿದೆ," ಎಂದು ಗಂಡ ಮನೆಯಲ್ಲಿ ನಗಾಡುತ್ತಿದ್ದ. ಕಾರ್ಖಾನೆಯಲ್ಲಿ ನಗುವವರಿರಲಿಲ್ಲ. ಅಕ್ಕ ಎದ್ದಾಗಲೆಲ್ಲ ಬಾಗಿಲಲ್ಲಿ ತಪಾಸಣೆಗೆ ಕೂತ ಹೆಂಗಸು ಅವಳ ಬಟ್ಟೆ ಕೊಡವಿಸುತ್ತಿದ್ದಳು. ಅಕ್ಕ ಆಗಾಗ ಎಡಗೆನ್ನೆ ಒತ್ತಿಕೊಳ್ಳುವುದನ್ನು ಕಂಡವಳೂ ಅವಳೇ.

"ಬಾಯಿ ಬಿಡೇ."

"ಹಲ್ಲು ಅಲುಗಾಡ್ತಿದೆ ಕಣಮ್ಮ, ಮುಟ್ಬೇಡ."

"ಅಂಥ ಹಲ್ಲಿನ ಸಂದೀಲೇ ಬಚ್ಚಿಡೋದು. ನನ್ನ ಕಿವಿಗೇ ಹೂವ ಇಡ್ತೀಯಾ?"

ಮಾಲೀಕ ಅವಳನ್ನು ಹಲ್ಲಿನ ಡಾಕ್ಟರ ಬಳಿ ಎಳೆದೊಯ್ದ. ಎಕ್ಸ್‌ರೇಯಲ್ಲಿ ಚಿನ್ನ ಕಾಣಲಿಲ್ಲ; ದವಡೆಯ ಮೂಳೆಯಲ್ಲಿ ಗೆದ್ದಲು ತಿಂದಂಥ ತೂತು ಕಂಡಿತು. ಡಾಕ್ಟರು ಗಾಬರಿಯಾಗಿ ದೊಡ್ಡಾಸ್ಪತ್ರೆಗೆ ಕಳಿಸಿದರು.

ಅಲ್ಲಿಯೂ ಅವಳನ್ನು ಅನುಮಾನಿಸಿಯೇ ನೋಡಿದರು, ಆದರೆ ಪಕ್ಕದಲ್ಲಿ ನರ್ಸನ್ನು ಕೂರಿಸಿಕೊಂಡು. ಸುಮ್ಮನೆ ಕುಡಿಯುತ್ತಾಳೋ, ಮೈಯೇ ನೀರು ಹಿಡಿಯುತ್ತಿಲ್ಲವೋ ಎಂದು ತಿಳಿಯಲು ಗಂಟೆಗಟ್ಟಲೆ ನೀರು ಕೊಡಲಿಲ್ಲ. ನಾಲಿಗೆ ಒಣಗಿ ಅಂಗುಳಿಗೆ ಅಂಟಿದರೂ ಮೂತ್ರ ತಿಳಿನೀರಿನಂತೆ ಹರಿಯುತ್ತಲೇ ಇತ್ತು. ಮೂಳೆಯ ಚೂರು ತೆಗೆದು ಪರೀಕ್ಷಿಸಿದಾಗ ಗುಟ್ಟು ಬಯಲಾಯಿತು. ಮೈ ಕಾಯಬೇಕಾದ ಒಂದು ಬಗೆಯ ಜೀವಕೋಶವೇ ಹದ್ದುಮೀರಿ ಬೆಳೆದು, ದವಡೆ ತಿಂದು, ಮಿದುಳಿನ ಬುಡಕ್ಕೂ ಕೈಹಾಕಿತ್ತು. ಮೈಯ ನೀರನ್ನು ಹಿಡಿದಿಡುವ ಹಾರ್ಮೋನು ಅಲ್ಲಿಂದ ಬರುವುದೇ ನಿಂತಿತ್ತು. ತೀರ ಅಪರೂಪದ ಕಾಯಿಲೆ.

ಚಿಕಿತ್ಸೆ ಶುರುವಾಗಿ, ಮಾತ್ರೆಗೆ ದಾಹ ತಗ್ಗಿದ ಮೇಲೆ ಅಕ್ಕ ಕೆಲಸಕ್ಕೆ ಬಂದಳು. ಮಾಲೀಕ ಮಾತ್ರೆಯ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿದ.

"ಸರಿ, ಕೂತ್ಕೊಳ್ಳಮ್ಮ."

"ಎಲ್ಲರ ಮುಂದೆ ಕಳ್ಳಿ ಅಂದ್ರಿ. ಅಲ್ಲ ಅಂತಲೂ ಎಲ್ಲರ ಮುಂದೇನೇ ಅನ್ನಿ. ಆಮೇಲೆ ಕೂರ್ತೀನಿ."

"ಹಾಗಾದ್ರೆ ಪುಡಿ ಎಲ್ಲಿ ಹೋಯ್ತು?"

"ನನ್ನ ದವಡೇಲಂತೂ ಹುಡುಕಿ ಆಯ್ತಲ್ಲ ಸಾರ್."

ಒಂದು ಮಾತು ಸಾಕಿತ್ತು. ಆದರೆ ಮಾಲೀಕನ ಕಣ್ಣು ಆಗಲೇ ತಪಾಸಣೆ ಹೆಂಗಸಿನ ಊಟದ ಡಬ್ಬಿಯ ಮೇಲೆ ಬಿದ್ದಿತ್ತು.

ಅಕ್ಕ ತನ್ನ ಬಾಟಲಿ ಎತ್ತಿಕೊಂಡಳು. ಬಾಗಿಲಲ್ಲಿ ಯಾರೂ ಕೇಳದಿದ್ದರೂ ಬಟ್ಟೆ ಕೊಡವಿ, ಬಾಯಿ ಅಗಲಿಸಿ ತೋರಿಸಿ, ಹೊರಟುಹೋದಳು.